ಅಪ್‌ಡೇಟ್: ಬೇರೆಯವರು ಹಾಕುವ ಎಚ್‌ಟಿಎಂಎಲ್ ಶುಚಿ ಮಾಡುವ ವಿಚಾರ

ಶಿರಸಿ ಕಡೆಯ ಹೋಮ್‌ಸ್ಟೇಗಳಿಗೆ ಒಂದು ಸೈಟ್ ಮಾಡುತ್ತಿದ್ದೇನೆ, ಮಾಲೀಕರು ವರ್ಡ್‌ನಿಂದ ಕಾಪಿ ಮಾಡಿ ವಿವರ ಹಾಕುತ್ತಾರೆ, ಬೋಲ್ಡ್ ಅಕ್ಷರ ಮತ್ತು ದರದ ಟೇಬಲ್ ಉಳಿಯಬೇಕು ಆದರೆ ಸ್ಕ್ರಿಪ್ಟ್ (ಪುಟದೊಳಗೆ ಸೇರಿಸಿದ ಕೋಡ್) ಓಡಬಾರದು, ಏನು ಮಾಡಲಿ ಅಂತ ಕೇಳಿದ್ದೆ. ಹೆಚ್ಚಿನವರು ಡಾಮ್‌ಪ್ಯೂರಿಫೈ (ವೆಬ್ ಪುಟದ ಕೋಡ್ ಆದ ಎಚ್‌ಟಿಎಂಎಲ್‌ನಿಂದ ಅಪಾಯದ ಭಾಗ ಕಿತ್ತುಹಾಕುವ ಲೈಬ್ರರಿ) ಅಂದಿರಿ. ಅದನ್ನೇ ಹಾಕಿದೆ, ತುಂಬಾ ಖುಷಿಯಾಗಿದೆ.

ರೆಜೆಕ್ಸ್‌ನಲ್ಲಿ (ಅಕ್ಷರಗಳ ಮಾದರಿ ಕೊಟ್ಟು ಹುಡುಕುವ ವಿಧಾನ) ಸ್ಕ್ರಿಪ್ಟ್ ಟ್ಯಾಗ್ ಕಿತ್ತರೆ ಸಾಕಲ್ವಾ ಅಂದವರಿಗೆ: ಸಾಲದು. ಚಿತ್ರದ ಟ್ಯಾಗಿನಲ್ಲಿ ಆನ್‌ಎರರ್ (ಚಿತ್ರ ಲೋಡ್ ಆಗದಿದ್ದರೆ ಏನು ಮಾಡಬೇಕೆಂಬ ಸೂಚನೆ) ಇದ್ದರೂ ಕೋಡ್ ಓಡುತ್ತದೆ, ಲಿಂಕಿನಲ್ಲಿ ಜಾವಾಸ್ಕ್ರಿಪ್ಟ್ ವಿಳಾಸ ಇಟ್ಟರೂ ಕ್ಲಿಕ್ ಮಾಡಿದ ಕೂಡಲೇ ಓಡುತ್ತದೆ, ಮೇಲಿಂದ ಮುರಿದ ಟ್ಯಾಗುಗಳನ್ನು ಬ್ರೌಸರ್ ತಾನೇ ಸರಿಮಾಡಿ ಓದುತ್ತದೆ.

ಡಾಮ್‌ಪ್ಯೂರಿಫೈನ ಡೀಫಾಲ್ಟ್ ಸೆಟ್ಟಿಂಗ್ ಸ್ಕ್ರಿಪ್ಟ್ ತಡೆಯುತ್ತದೆ, ಆದರೆ ಫಾರ್ಮ್, ಎಸ್‌ವಿಜಿ (ಕೋಡ್‌ನಲ್ಲೇ ಬರೆದ ಚಿತ್ರ), ಸ್ಟೈಲ್ ಎಲ್ಲ ಒಳಗೆ ಬಿಡುತ್ತದೆ. ಬುಕಿಂಗ್ ಪುಟದಲ್ಲಿ ಯಾರೋ ಸುಳ್ಳು ಪಾಸ್‌ವರ್ಡ್ ಫಾರ್ಮ್ ತೋರಿಸುವುದು ನನಗೆ ಬೇಡ. ಹಾಗಾಗಿ ಅಲೌಡ್ ಟ್ಯಾಗ್ಸ್‌ನಲ್ಲಿ (ಒಳಗೆ ಬಿಡುವ ಟ್ಯಾಗುಗಳ ಪಟ್ಟಿ) ಪ್ಯಾರಾ, ಬೋಲ್ಡ್, ಪಟ್ಟಿ, ಟೇಬಲ್, ಲಿಂಕ್ ಮಾತ್ರ ಕೊಟ್ಟೆ. ಆಟ್ರಿಬ್ಯೂಟ್‌ಗಳ (ಟ್ಯಾಗಿನೊಳಗೆ ಬರೆಯುವ ಹೆಚ್ಚುವರಿ ವಿವರಗಳು) ಪಟ್ಟಿಯೂ ಹಾಗೇ ಚಿಕ್ಕದು. ಡೇಟಾ ಆಟ್ರಿಬ್ಯೂಟ್‌ಗಳನ್ನು (ಹೆಸರು ‘ಡೇಟಾ-’ ಎಂದು ಶುರುವಾಗುವವು) ಬೇರೆಯಾಗಿಯೇ ಆಫ್ ಮಾಡಬೇಕು, ಇದು ಸುಲಭಕ್ಕೆ ಕಣ್ಣಿಗೆ ಬೀಳಲ್ಲ. ಲಿಂಕ್ ಹೊಸ ಟ್ಯಾಬಿನಲ್ಲಿ ತೆರೆಯಲು ಮತ್ತು ನೋಓಪನರ್ (ತೆರೆದ ಪುಟಕ್ಕೆ ನಮ್ಮ ಪುಟದ ಹಿಡಿತ ಸಿಗದಂತೆ ಮಾಡುವ ಗುರುತು) ಸೇರಿಸಲು ಒಂದು ಹುಕ್ (ಶುಚಿ ಮಾಡುವಾಗ ನಡುವೆ ಓಡುವ ನಮ್ಮದೇ ಕೋಡ್) ಬರೆದೆ. ನಾಲ್ಕೈದು ಸಾಲು ಅಷ್ಟೇ.

ಶುಚಿ ಮಾಡಿದ ಮೇಲೆ ಆ ಎಚ್‌ಟಿಎಂಎಲ್ ಅನ್ನು ಮತ್ತೆ ತಿದ್ದಬೇಡಿ, ತಿದ್ದಿದರೆ ಮಾಡಿದ್ದೆಲ್ಲ ವ್ಯರ್ಥವಾಗಬಹುದು. ಡೇಟಾಬೇಸ್‌ನಲ್ಲಿ ಮೂಲ ಬರಹವನ್ನೇ ಇಟ್ಟು, ತೋರಿಸುವಾಗ ಶುಚಿ ಮಾಡುತ್ತಿದ್ದೇನೆ. ಲೈಬ್ರರಿ ಅಪ್‌ಡೇಟ್ ಆದಾಗ ಹಳೆಯ ಬರಹಕ್ಕೂ ಅದರ ಲಾಭ ಸಿಗುತ್ತದೆ.