ಆಸ್ಟ್ರೇಲಿಯದ ಫುಟ್‌ಬಾಲ್ ಯೂರೋಪಿನಲ್ಲಿ ಬೇರು ಬಿಟ್ಟಿದ್ದು ಹೇಗೆ? ನಾಪೋಕ್ಲು ಕಡೆ ಮಕ್ಕಳಿಗೆ ಆಡಿಸಬೇಕು ಅಂತಿದ್ದೇನೆ

ಪಿ.ಟಿ. ಮಾಷ್ಟ್ರು, ನಾಪೋಕ್ಲು

ಎಲ್ಲರಿಗೂ ನಮಸ್ಕಾರ. ಕೊಡಗಿನ ನಾಪೋಕ್ಲು ಹತ್ತಿರದ ಒಂದು ಹೈಸ್ಕೂಲಿನಲ್ಲಿ 22 ವರ್ಷದಿಂದ ದೈಹಿಕ ಶಿಕ್ಷಕನಾಗಿದ್ದೇನೆ. ಹಾಕಿ, ವಾಲಿಬಾಲ್, ಥ್ರೋಬಾಲ್, ಖೋ ಖೋ ಎಲ್ಲ ಆಡಿಸಿದವನು. ಈಗ ಕೇಳ್ತಿರೋದು ನಾನು ಒಂದು ಪಂದ್ಯವನ್ನೂ ಎದುರು ನಿಂತು ನೋಡದ ಆಟದ ಬಗ್ಗೆ.

ನನ್ನ ಅಕ್ಕನ ಮಗ ಕೋಪನ್‌ಹೇಗನ್‌ನಲ್ಲಿ ಕೆಲಸಕ್ಕಿದ್ದಾನೆ. ಏಪ್ರಿಲ್‌ನಲ್ಲಿ ಕೌಟುಂಬಿಕ ಹಾಕಿ ಹಬ್ಬಕ್ಕೆ ಅಂತ ಹತ್ತು ದಿನ ರಜೆ ಹಾಕಿ ಬಂದಿದ್ದ. ಬ್ಯಾಗಿನಿಂದ ಕೆಂಪು ಚರ್ಮದ, ಮೊಟ್ಟೆಯ ಆಕಾರದ ಚೆಂಡು ತೆಗೆದ. ರಗ್ಬಿ ಚೆಂಡೇನೋ ಅಂದ್ಕೊಂಡೆ. "ಅಲ್ಲ ಮಾವ, ಇದು ಫೂಟಿ. ಆಸ್ಟ್ರೇಲಿಯದವರ ಆಟ" ಅಂದ. ಅಲ್ಲಿ ಡೆನ್ಮಾರ್ಕಿನ ಹುಡುಗರ ಜೊತೆ ವಾರಕ್ಕೆ ಎರಡು ಸಂಜೆ ಆಡ್ತಾನಂತೆ. ಕಾಫಿ ಒಣಗಿಸುವ ಕಣ ಆಗ ಖಾಲಿ ಇತ್ತು, ಅಲ್ಲೇ ಒದ್ದು ತೋರಿಸಿದ. ಚೆಂಡನ್ನು ಎರಡೂ ಕೈಯಲ್ಲಿ ನೆಟ್ಟಗೆ ಹಿಡಿದು ನಾಲ್ಕು ಹೆಜ್ಜೆ ಓಡಿ, ಒಂದು ಕೈಯಿಂದ ಮೆಲ್ಲಗೆ ಕೆಳಗೆ ಬಿಟ್ಟ. ಅದು ನೆಲ ಮುಟ್ಟುವ ಮೊದಲೇ ಅದರ ಕೆಳತುದಿಗೆ ಬೂಟಿನ ಮೇಲ್ಭಾಗದಿಂದ ಒದ್ದ. ಚೆಂಡು ಹಿಂದಕ್ಕೆ ಪಲ್ಟಿ ಹೊಡೀತಾ, ಎಲ್ಲೂ ವಾಲದೆ, ಸಿಲ್ವರ್ ಮರದ ಎತ್ತರಕ್ಕೆ ಹೋಗಿ ತೋಟದೊಳಗೆ ಬಿತ್ತು. ನಾನು ಅವತ್ತು ಸಂಜೆ ಕತ್ತಲಾಗುವವರೆಗೂ ಒದ್ದೆ. ನನ್ನದು ಒಂದೂ ನೇರ ಹೋಗಲಿಲ್ಲ.

ಮರುದಿನ ನಮ್ಮ ಬೇಸಿಗೆ ಹಾಕಿ ಶಿಬಿರಕ್ಕೆ ಅವನನ್ನೂ ಕರ್ಕೊಂಡು ಹೋದೆ. ಚೆಂಡನ್ನು ಎಸೆಯುವ ಹಾಗಿಲ್ಲ, ಎಡಗೈ ಅಂಗೈಮೇಲೆ ಇಟ್ಟು ಬಲಗೈ ಮುಷ್ಟಿಯಿಂದ ಗುದ್ದಿ ಪಾಸ್ ಕೊಡಬೇಕು. ಇದನ್ನು ಮೊದಲು ಕಲಿತದ್ದು ಒಂಬತ್ತನೇ ಕ್ಲಾಸಿನ ಒಬ್ಬಳು ಹುಡುಗಿ, ಹಾಕಿಯಲ್ಲಿ ಫುಲ್‌ಬ್ಯಾಕ್ ಆಡುವವಳು. ಒದ್ದ ಚೆಂಡು 15 ಮೀಟರಿಗಿಂತ ದೂರ ಬಂದು, ನೆಲ ಮುಟ್ಟದೆ ಕೈಗೆ ಸಿಕ್ಕಿದರೆ ಅದು 'ಮಾರ್ಕ್'. ಹಿಡಿದವರನ್ನು ಯಾರೂ ಮುಟ್ಟುವಂತಿಲ್ಲ, ನಿಧಾನಕ್ಕೆ ಗುರಿ ನೋಡಿ ಒದೀಬಹುದು. ಇದು ಗೊತ್ತಾದ ಮೇಲೆ ಮಕ್ಕಳು ಹಾರಿ ಹಿಡಿಯೋದನ್ನು ನಿಲ್ಲಿಸಲೇ ಇಲ್ಲ. ಓಡುವಾಗ 15 ಮೀಟರಿಗೊಮ್ಮೆ ಚೆಂಡನ್ನು ನೆಲಕ್ಕೆ ಪುಟಿಸಿ ಹಿಡೀಬೇಕು. ನಮ್ಮ ಜಲ್ಲಿ ಎದ್ದ ಮೈದಾನದಲ್ಲಿ ಅದೊಂದೇ ಆಗಲಿಲ್ಲ. ಒಬ್ಬ ಹುಡುಗನ ಮಂಡಿ ಚೆನ್ನಾಗಿ ತರಚಿತು.

ಅಳಿಯ ಚೆಂಡು ಬಿಟ್ಟು ಹೋಗಿದ್ದಾನೆ. ಜೂನ್‌ನಲ್ಲಿ ಶಾಲೆ ತೆರೆದ ದಿನವೇ ಮಕ್ಕಳು ಕೇಳಿದ್ದು ಆ ಚೆಂಡನ್ನು.

ಈಗ ನನ್ನ ಪ್ರಶ್ನೆ. ಇದು ದೊಡ್ಡ ಕ್ರಿಕೆಟ್ ಮೈದಾನದಲ್ಲಿ ಆಡುವ ಆಟ, ಉದ್ದವೇ 135ರಿಂದ 185 ಮೀಟರ್, ತಂಡಕ್ಕೆ 18 ಜನ. ನಮ್ಮ ಹಾಕಿ ಮೈದಾನ 91.4 ಮೀಟರ್ ಉದ್ದ, 55 ಅಗಲ. ಯೂರೋಪಿನಲ್ಲೂ ಇರೋದು ಸಾಕರ್ ಮೈದಾನಗಳೇ ಅಲ್ವಾ? ಅವರು ಹೇಗೆ ಆಡ್ತಾರೆ? ಅಲ್ಲಿ ಆಡೋದು ವಲಸೆ ಹೋದ ಆಸ್ಟ್ರೇಲಿಯದವರು ಮಾತ್ರವಾ, ಇಲ್ಲ ಊರಿನವರೂ ಇದ್ದಾರಾ? ಅಲ್ಲಿರುವ ನಮ್ಮವರು ಯಾರಾದರೂ ಹೇಳಿ.

ಕುಶಾಲನಗರದವನು, ಈಗ ಹ್ಯಾಂಬರ್ಗ್

ಮಾಷ್ಟ್ರೇ, ನಾನು ಇಲ್ಲಿ ನಾಲ್ಕು ವರ್ಷದಿಂದ ಆಡ್ತಿದ್ದೇನೆ, ಗೊತ್ತಿದ್ದಷ್ಟು ಹೇಳ್ತೀನಿ.

ಮೈದಾನದ ಚಿಂತೆ ಬಿಡಿ. ಯೂರೋಪಿನಲ್ಲಿ ಈ ಆಟ ಹರಡಿದ್ದೇ ತಂಡಕ್ಕೆ 9 ಜನರಂತೆ ಆಡಿದ್ದರಿಂದ. ಸಾಕರ್ ಅಥವಾ ರಗ್ಬಿ ಮೈದಾನ ಒಂದು ಸಿಕ್ಕಿದರೆ ಸಾಕು. 18 ಜನ ಸೇರಬೇಕು ಅಂತ ಹಟ ಹಿಡಿದಿದ್ದರೆ ಅರ್ಧದಷ್ಟು ದೇಶಗಳಲ್ಲಿ ತಂಡವೇ ಹುಟ್ಟುತ್ತಿರಲಿಲ್ಲ. 'ಯೂರೋ ಕಪ್' ಅಂತ ಈ ಒಂಬತ್ತು ಜನರ ಟೂರ್ನಿ 2005ರಲ್ಲಿ ಲಂಡನ್‌ನಲ್ಲಿ ಶುರುವಾಯ್ತು. ಎಲ್ಲ ದೇಶಗಳೂ ಒಂದೇ ಜಾಗದಲ್ಲಿ ಸೇರಿ ಒಂದೇ ದಿನದಲ್ಲಿ ಮುಗಿಸ್ತಾರೆ. ಪ್ರಾಗ್, ಬೋರ್ಡೊ, ಲಿಸ್ಬನ್, ಐರ್ಲೆಂಡಿನ ಕಾರ್ಕ್, 2019ರಲ್ಲಿ ಸ್ವೀಡನ್ನಿನ ನೊರ್‌ಟೇಲ್ಯೆ, ಹೀಗೆ ಊರೂರು ಸುತ್ತಿದೆ. ನಮ್ಮ ಹಾಕಿ ಹಬ್ಬ ಪ್ರತಿ ವರ್ಷ ಬೇರೆ ಮನೆತನದ ಕೈಗೆ ಹೋಗುವ ಹಾಗೆ.

ನಿಮ್ಮ ಅಳಿಯ ಇರುವ ಡೆನ್ಮಾರ್ಕ್ ಇದರಲ್ಲಿ ಮುಂದೆ. ಬ್ರಿಟನ್ನಿನ ಲೀಗ್ 1989ರಲ್ಲಿ ಕಟ್ಟಿದ್ದು, ಡೆನ್ಮಾರ್ಕಿನದು 1991ರಲ್ಲಿ. ದಕ್ಷಿಣ ಸ್ವೀಡನ್ನಿನ ತಂಡಗಳೂ ಸಮುದ್ರ ದಾಟಿ ಬಂದು ಡ್ಯಾನಿಶ್ ಲೀಗಿನಲ್ಲಿ ಆಡಿವೆ. ಜರ್ಮನಿಯಲ್ಲಿ ಶುರುವಾಗಿದ್ದು 1995ರಲ್ಲಿ, ಫ್ರಾಂಕ್‌ಫರ್ಟ್ ಮತ್ತು ಮ್ಯೂನಿಕ್‌ನಲ್ಲಿ. 2010ರಲ್ಲಿ ಎಲ್ಲ ದೇಶಗಳಿಗೂ ಸೇರಿ 'ಎಎಫ್ಎಲ್ ಯೂರೋಪ್' ಅಂತ ಒಂದು ಸಂಸ್ಥೆ ಆಯ್ತು (ಎಎಫ್ಎಲ್ ಅಂದರೆ ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್). ಅದೇ ವರ್ಷ ಕೋಪನ್‌ಹೇಗನ್ ಮತ್ತು ಮಾಲ್ಮೊದಲ್ಲಿ 18 ಜನರ ಮೊದಲ ಯೂರೋಪಿಯನ್ ಚಾಂಪಿಯನ್‌ಶಿಪ್ ನಡೆದು ಐರ್ಲೆಂಡ್ ಗೆದ್ದಿತು.

ಕಂಬದ ವಿಷಯ ನೀವು ಕೇಳಲಿಲ್ಲ, ಆದರೆ ಮೊದಲ ಕಷ್ಟ ಅದೇ. ಒಂದೊಂದು ಕಡೆಗೆ ನಾಲ್ಕು ಕಂಬ ಬೇಕು, ಒಂದಕ್ಕೊಂದು 6.4 ಮೀಟರ್ ಅಂತರ. ನಡುವಿನ ಎರಡು ಎತ್ತರದವು: ಅವುಗಳ ಮಧ್ಯೆ ಒದ್ದರೆ ಗೋಲು, 6 ಪಾಯಿಂಟ್. ಪಕ್ಕದ ಸಂದಿಯಲ್ಲಿ ಹೋದರೆ 'ಬಿಹೈಂಡ್', 1 ಪಾಯಿಂಟ್. ನಾವು ಪ್ರತಿ ಸಲ ಕಂಬ ಹೊತ್ಕೊಂಡು ಹೋಗಿ ನಿಲ್ಲಿಸಿ, ಆಡಿ, ಬಿಚ್ಕೊಂಡು ಬರ್ತೀವಿ. ನಿಮಗೆ ಬಿದಿರು ಇದೆಯಲ್ಲ.

ವಿರಾಜಪೇಟೆ ಹಾಕಿ

ಮಾಷ್ಟ್ರೇ, ಬೇಜಾರು ಮಾಡ್ಕೋಬೇಡಿ. ನನಗಿದು ಸರಿ ಕಾಣಲಿಲ್ಲ. ಹಾಕಿ ಆಡುವ ಮಕ್ಕಳ ಕೈಗೆ ಇನ್ನೊಂದು ಚೆಂಡು ಕೊಟ್ಟರೆ ಸ್ಟಿಕ್ ಮೂಲೆ ಸೇರುತ್ತೆ. ಈಗಲೇ ಸಂಜೆ ಮೈದಾನಕ್ಕೆ ಬರುವವರು ಕಡಿಮೆ.

1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಹಾಕಿ ಹಬ್ಬ ಶುರುಮಾಡಿದಾಗ ಬಂದಿದ್ದು 60 ಕುಟುಂಬ. 2024ರಲ್ಲಿ ನಿಮ್ಮ ನಾಪೋಕ್ಲಲ್ಲೇ 360 ಕುಟುಂಬ ಆಡಿತು. ಅದು ಬೆಳೆದಿದ್ದು ಒಕ್ಕದಿಂದ, ಅಂದರೆ ಕೊಡವ ಮನೆತನದಿಂದ. ಅಜ್ಜ, ಮೊಮ್ಮಗ, ಮದುವೆಯಾಗಿ ಬಂದ ಸೊಸೆ ಒಂದೇ ತಂಡದಲ್ಲಿ ಆಡ್ತಾರೆ. ನಮ್ಮ ಮನೆ ಹೆಸರಿಗೆ ತಂಡ ಇಳಿಯದಿದ್ದರೆ ಹಿರಿಯರು ಕೇಳ್ತಾರೆ. ಯೂರೋಪಿನಲ್ಲಿ ಈ ಆಟಕ್ಕೆ ಯಾವ ಒಕ್ಕ ಇದೆ? ಕೆಲಸಕ್ಕೆ ಬಂದ ಆಸ್ಟ್ರೇಲಿಯದವರು ವಾಪಸ್ ಹೋದರೆ ಆಟವೂ ಅವರ ಜೊತೆ ಹೋಗುತ್ತೆ.

ಸೋಮವಾರಪೇಟೆ ನರ್ಸ್, ಡಬ್ಲಿನ್

ವಿರಾಜಪೇಟೆ ಅಣ್ಣನ ಮಾತಿಗೆ ಐರ್ಲೆಂಡ್ ಕಡೆಯಿಂದ ಒಂದು ಉತ್ತರ ಇದೆ. ಇಲ್ಲಿ ಪ್ರತಿ ಹಳ್ಳಿಯಲ್ಲೂ ಗೇಲಿಕ್ ಫುಟ್‌ಬಾಲ್ ಆಡ್ತಾರೆ. ಅದರಲ್ಲೂ ಹಾರಿ ಹಿಡಿಯೋದು, ಕೈಯಿಂದ ಗುದ್ದೋದು, ಕೈಯಿಂದ ಬಿಟ್ಟು ಒದೆಯೋದು ಇದೆ, ಚೆಂಡು ಮಾತ್ರ ದುಂಡು. ಹಾಗಾಗಿ ಐರಿಶ್ ಮಕ್ಕಳಿಗೆ ಆಸ್ಟ್ರೇಲಿಯದ ಆಟ ಅರ್ಧ ಗೊತ್ತಿರುವ ಆಟ. 1984ರಿಂದ ಎರಡೂ ದೇಶದವರು ಎರಡೂ ಆಟ ಬೆರೆಸಿದ ನಿಯಮದಲ್ಲಿ ಸರಣಿ ಆಡಿದ್ದಾರೆ.

ಜಿಮ್ ಸ್ಟೈನ್ಸ್ ಅಂತ ಡಬ್ಲಿನ್ ಹುಡುಗ. ಮೆಲ್ಬರ್ನ್ ಕ್ಲಬ್ಬಿಗೆ ಹೋದ. 1987ರಲ್ಲಿ, ಫೈನಲ್‌ಗೆ ಮುಂಚಿನ ಪಂದ್ಯ, ಮೆಲ್ಬರ್ನ್ ಮುಂದಿತ್ತು, ಕೊನೇ ಕ್ಷಣ. ಎದುರಾಳಿ ಮಾರ್ಕ್ ಹಿಡಿದು ನಿಂತಿದ್ದಾಗ ಇವನು ಅವನ ಮುಂದೆ ಅಡ್ಡ ಓಡಿಬಿಟ್ಟ. ಅದು ತಪ್ಪು. ದಂಡವಾಗಿ ಎದುರಾಳಿಗೆ 15 ಮೀಟರ್ ಮುಂದೆ ಬರೋಕೆ ಕೊಟ್ಟರು, ಆಟ ಮುಗಿಯುವ ಸೈರನ್ ಆದ ಮೇಲೆ ಒದ್ದ ಚೆಂಡು ಗೋಲಾಯ್ತು, ತಂಡ ಸೋತಿತು. ಅದೇ ಹುಡುಗ 1991ರಲ್ಲಿ ಅಲ್ಲಿನ ಅತಿ ದೊಡ್ಡ ವೈಯಕ್ತಿಕ ಗೌರವ ಬ್ರೌನ್‌ಲೋ ಪದಕ ಪಡೆದ, ಒಂದೂ ತಪ್ಪದೆ ಸತತ 244 ಪಂದ್ಯ ಆಡಿದ. 2012ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡ. ನನ್ನ ವಾರ್ಡಿನಲ್ಲಿ ಒಬ್ಬರು ಅಜ್ಜ ಈ ಕತೆ ಹೇಳುವಾಗ ಹಿಡಿದ ನನ್ನ ಕೈ ಬಿಡಲಿಲ್ಲ.

ಮತ್ತೆ ಟೈಗ್ ಕೆನ್ನೆಲಿ: ಕೆರಿ ಕೌಂಟಿಯವನು, 2005ರಲ್ಲಿ ಸಿಡ್ನಿ ತಂಡದಲ್ಲಿ ಚಾಂಪಿಯನ್. ಊರಿಗೆ ವಾಪಸ್ ಬಂದು 2009ರಲ್ಲಿ ಕೆರಿ ಪರವಾಗಿ ಗೇಲಿಕ್ ಫುಟ್‌ಬಾಲಿನ ಆಲ್ ಐರ್ಲೆಂಡ್ ಕಪ್ಪನ್ನೂ ಗೆದ್ದ. ಒಂದು ಆಟ ಕಲಿತರೆ ಇನ್ನೊಂದು ಮರೆತುಹೋಗುತ್ತೆ ಅನ್ನೋದಕ್ಕೆ ಇವನನ್ನು ನೋಡಿ ಅಣ್ಣ. ಹುಡುಗಿಯರೂ ಹೋಗ್ತಿದ್ದಾರೆ, ಮೇಯೊ ಕೌಂಟಿಯ ಕೋರಾ ಸ್ಟಾಂಟನ್ ಅಂಥವರಲ್ಲಿ ಒಬ್ಬಳು. ಮಾಷ್ಟ್ರೇ, ನಿಮ್ಮ ಫುಲ್‌ಬ್ಯಾಕ್ ಹುಡುಗಿಗೆ ಇದನ್ನು ತಪ್ಪದೆ ಹೇಳಿ.

ನಿವೃತ್ತ ಸುಬೇದಾರ್, ಮಡಿಕೇರಿ

ನಾನು ಫೌಜಿನಲ್ಲಿದ್ದವನು, ಆ ಕಡೆಯಿಂದ ಒಂದು ಮಾತು. ಯೂರೋಪಿಗೆ ಈ ಆಟವನ್ನು ಸಿಪಾಯಿಗಳೂ ತಗೊಂಡು ಹೋಗಿದ್ದರು. 1916ರ ಅಕ್ಟೋಬರ್ 28ರಂದು ಲಂಡನ್ನಿನ ಕ್ವೀನ್ಸ್ ಕ್ಲಬ್ ಮೈದಾನದಲ್ಲಿ ಆಸ್ಟ್ರೇಲಿಯದ 3ನೇ ಡಿವಿಷನ್‌ಗೂ ತರಬೇತಿ ಶಿಬಿರಗಳ ಜಂಟಿ ತಂಡಕ್ಕೂ ಪಂದ್ಯ ನಡೆಯಿತು. ಕೆಲವೇ ವಾರದಲ್ಲಿ ಆ ಡಿವಿಷನ್ ಫ್ರಾನ್ಸಿಗೆ ಹೊರಟಿತು. ಆ ಮೈದಾನದಲ್ಲಿ ಓಡಿದವರಲ್ಲಿ ಕೆಲವರು ಯುದ್ಧದಿಂದ ಮನೆಗೆ ಬರಲಿಲ್ಲ. ಸಿಪಾಯಿ ಊರಿನ ಆಟವನ್ನು ಜೊತೆಗೇ ಒಯ್ಯುತ್ತಾನೆ. ಹಿಮದ ಪೋಸ್ಟಿನಲ್ಲಿ ನಾವು ಮರದ ಕೊಂಬೆಯನ್ನೇ ಸ್ಟಿಕ್ ಮಾಡ್ಕೊಂಡು ಹಾಕಿ ಆಡಿದ್ದೇವೆ.

ಆದರೆ ಯುದ್ಧ ಮುಗಿದ ಮೇಲೆ ಅಲ್ಲಿ ಆಟ ಉಳಿಯಲಿಲ್ಲ, ಲೀಗ್ ಬರೋಕೆ 1989 ಆಗಬೇಕಾಯ್ತು. ತಂದವರು ಹೋದ ಮೇಲೆ ಊರಿನವನು ಒಬ್ಬ ಚೆಂಡು ಎತ್ತಿಟ್ಟುಕೊಳ್ಳಬೇಕು. ಅದಕ್ಕೆ ಶಾಲೆಗಿಂತ ಒಳ್ಳೆ ಜಾಗ ಇಲ್ಲ.

ಕುಶಾಲನಗರದವನು, ಈಗ ಹ್ಯಾಂಬರ್ಗ್

ಸುಬೇದಾರ್ ಸಾಹೇಬ್ರು ಹೇಳಿದ್ದು ನಮ್ಮ ತಂಡದಲ್ಲೇ ಆಗಿದೆ. ಒಂದೇ ಚಳಿಗಾಲದಲ್ಲಿ ನಾಲ್ವರು ಆಸ್ಟ್ರೇಲಿಯದವರು ಊರಿಗೆ ವಾಪಸ್ ಹೋದರು. ಮಾರ್ಚಿನ ಮೊದಲ ಅಭ್ಯಾಸಕ್ಕೆ ಬಂದವರು ಐದು ಜನ, ಅದರಲ್ಲಿ ಮೂವರು ಇಲ್ಲಿನ ಹುಡುಗರು. ಆ ಮೂವರು ತಮ್ಮ ಕಸಿನ್ನು, ಆಫೀಸಿನವರು, ಗೆಳತಿಯರನ್ನೆಲ್ಲ ಎಳೆದು ತಂದರು. ಈಗ ಕೂಗಾಟವೆಲ್ಲ ಜರ್ಮನ್‌ನಲ್ಲಿ, 'ಮಾರ್ಕ್' ಒಂದು ಮಾತ್ರ ಹಾಗೇ ಉಳಿದಿದೆ.

ದೊಡ್ಡ ಕ್ಲಬ್ಬುಗಳು ಬಂದು ಪ್ರದರ್ಶನ ಪಂದ್ಯ ಆಡಿದರೆ ಆಟ ಹರಡಲ್ಲ ಅನ್ನೋದು ನನ್ನ ಅಭಿಪ್ರಾಯ. ಲಂಡನ್ನಿನ ಓವಲ್‌ನಲ್ಲಿ 2005ರಲ್ಲಿ 18,884 ಜನ ನೋಡಿದ್ದರು. ನೋಡಿದವರು ಮನೆಗೆ ಹೋದರು. ಆಟ ಉಳಿಸಿದ್ದು ಮಳೆಯಲ್ಲಿ ಕಂಬ ಹೊತ್ತವರು. ಮೆಲ್ಬರ್ನ್‌ನಲ್ಲಿ 2002ರಿಂದ ನಡೆದ ಇಂಟರ್‌ನ್ಯಾಷನಲ್ ಕಪ್‌ನಲ್ಲೂ ಆಯಾ ದೇಶದಲ್ಲೇ ಬೆಳೆದವರು ಮಾತ್ರ ಆಡಬೇಕಿತ್ತು, ವಲಸೆ ಆಸ್ಟ್ರೇಲಿಯದವರನ್ನು ಸೇರಿಸುವಂತಿರಲಿಲ್ಲ. ಭಾರತದ ತಂಡವೂ ಅಲ್ಲಿ ಆಡಿದೆ.

ವಿರಾಜಪೇಟೆ ಅಣ್ಣನಿಗೆ ಇನ್ನೊಂದು: ಈ ಆಟ ಹುಟ್ಟಿದ್ದೇ ಇನ್ನೊಂದು ಆಟದ ಸೇವೆಗೆ. 1858ರಲ್ಲಿ ಟಾಮ್ ವಿಲ್ಸ್ ಅನ್ನುವ ಕ್ರಿಕೆಟಿಗ ಪತ್ರಿಕೆಗೆ ಪತ್ರ ಬರೆದ, ಚಳಿಗಾಲದಲ್ಲಿ ಕ್ರಿಕೆಟಿಗರ ಮೈ ಜಡ್ಡುಗಟ್ಟದಿರಲು ಫುಟ್‌ಬಾಲ್ ಕ್ಲಬ್ ಬೇಕು ಅಂತ. ಮರುವರ್ಷ ಮೇ ತಿಂಗಳಲ್ಲಿ ನಿಯಮ ಬರೆದರು.

ವಿರಾಜಪೇಟೆ ಹಾಕಿ

ಟಾಮ್ ವಿಲ್ಸ್ ವಿಷಯ ಗೊತ್ತಿರಲಿಲ್ಲ. ಹಾಕಿ ಇಲ್ಲದ ತಿಂಗಳಲ್ಲಿ ಆಡಿಸಿ, ನನ್ನ ಅಡ್ಡಿ ಇಲ್ಲ. ಆದರೆ ಡಿಸೆಂಬರ್‌ನಿಂದ ಮೇವರೆಗೆ ಮಕ್ಕಳು ಸ್ಟಿಕ್ಕಿಗೇ ಬರಬೇಕು.

ಪಿ.ಟಿ. ಮಾಷ್ಟ್ರು, ನಾಪೋಕ್ಲು

ಎಲ್ಲರಿಗೂ ತುಂಬಾ ಧನ್ಯವಾದ. ಜಿಮ್ ಸ್ಟೈನ್ಸ್ ಕತೆಯನ್ನು ನಿನ್ನೆ ಮಳೆಗೆ ಮೈದಾನಕ್ಕೆ ಇಳಿಯಲಾಗದೆ ವರಾಂಡದಲ್ಲಿ ಕೂರಿಸಿ ಮಕ್ಕಳಿಗೆ ಹೇಳಿದೆ. ಮುಗಿದ ಮೇಲೆ ಒಬ್ಬ ಕೇಳಿದ: "ಅವನು ಮಾರನೇ ದಿನ ಪ್ರಾಕ್ಟೀಸಿಗೆ ಬಂದನಾ ಸರ್?" ಬಂದೇ ಇರಬೇಕು ಕಣಯ್ಯ, 244 ಪಂದ್ಯ ಆಡಿದವನು ಅಂದೆ.

ತೀರ್ಮಾನ ಮಾಡಿದ್ದೇನೆ. ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬ ಕಳೆದು ಮಳೆ ಇಳಿದ ಮೇಲೆ ನವೆಂಬರ್ ಮುಗಿಯುವವರೆಗೆ, ಶನಿವಾರ ಕ್ಲಾಸ್ ಬಿಟ್ಟ ಮೇಲೆ. ತಂಡಕ್ಕೆ ಒಂಬತ್ತು ಜನ, ಹುಡುಗ ಹುಡುಗಿ ಸೇರಿ. ಜಲ್ಲಿ ನೆಲದಲ್ಲಿ ಎಳೆದು ಬೀಳಿಸೋದು ಬೇಡ, ಎರಡೂ ಕೈಯಲ್ಲಿ ಬೆನ್ನು ಮುಟ್ಟಿದರೆ ಚೆಂಡು ಬಿಡಬೇಕು ಅಂತ ಮಾಡ್ತೀನಿ. ಪುಟಿಸೋದನ್ನು ಮೊದಲ ತಿಂಗಳು ಬಿಟ್ಟುಬಿಡ್ತೀನಿ. ಬಿದಿರು ಎಂಟು ಬೇಕು. ಒಬ್ಬ ಹುಡುಗನ ತಂದೆ ತಮ್ಮ ತೋಟದ ಬೇಲಿಯಂಚಿನ ಮೆಳೆಯಿಂದ ಕಡಿದು ಕೊಡ್ತೀನಿ ಅಂದಿದ್ದಾರೆ. 6.4 ಮೀಟರಿಗೆ ಹಗ್ಗ ಅಳೆದು ಗಂಟು ಹಾಕಿಟ್ಟಿದ್ದೇನೆ.

ಹ್ಯಾಂಬರ್ಗಿನ ತಮ್ಮ, ಒಂದು ಕೊನೇ ಪ್ರಶ್ನೆ. ಅಳಿಯ ಡಿಸೆಂಬರ್‌ನಲ್ಲಿ ಮತ್ತೆ ಬರುವಾಗ ಎರಡು ಚೆಂಡು ತರ್ತಾನಂತೆ. ಈಗ ಇರೋದು 5ನೇ ಸೈಜ್, ಎಂಟನೇ ಕ್ಲಾಸಿನವರ ಕೈಗೆ ದೊಡ್ಡದಾಗ್ತಿದೆ. ಹೆಂಗಸರ ಲೀಗಿನಲ್ಲಿ 4ನೇ ಸೈಜ್ ಬಳಸ್ತಾರೆ ಅಂದ. ಅದನ್ನೇ ತರಿಸಲಾ, ಇಲ್ಲ ಇನ್ನೂ ಚಿಕ್ಕದು ಬೇಕಾ?