ಸಹಾಯ ಬೇಕು: 13 ಅಡಿ ಎತ್ತರದಲ್ಲಿರುವ ಕಿಟಕಿಯನ್ನು ಕೆಳಗಿನಿಂದ ತೆರೆದು ಮುಚ್ಚುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ತುಮಕೂರು ಜಿಲ್ಲೆಯ ಶಿರಾದಲ್ಲಿ ನಾವು ಕಟ್ಟಿಸುತ್ತಿರುವ ಮನೆಯ ಗೋಡೆ ಲಿಂಟಲ್ ಮಟ್ಟಕ್ಕೆ ಬಂದಿದ್ದು, ನಡುಮನೆಯ ಛಾವಣಿಯನ್ನು 16 ಅಡಿಗೆ ಎತ್ತರಿಸಿ, ಪೂರ್ವದ ಗೋಡೆಯಲ್ಲಿ 13 ಅಡಿ ಎತ್ತರಕ್ಕೆ ಮೂರು ಕಿಟಕಿಗಳನ್ನಿಡಬೇಕೆಂದು ತೀರ್ಮಾನಿಸಿದ್ದೇವೆ. ಬಿಸಿಗಾಳಿ ಹಗುರವಾಗಿ ಮೇಲೇರಿ ಅಲ್ಲಿಂದ ಹೊರಬಿದ್ದರೆ, ಪಶ್ಚಿಮದ ತಗ್ಗು ಕಿಟಕಿಗಳಿಂದ ಹೊಸ ಗಾಳಿ ಒಳಬರುತ್ತದೆ ಎಂಬುದು ನಮ್ಮ ಲೆಕ್ಕ. ಅಜ್ಜಿಯ ಹೆಂಚಿನ ಮನೆಯಲ್ಲಿ ಒಲೆಯ ಮೇಲಿದ್ದ ಗವಾಕ್ಷಿ ಮಾಡುತ್ತಿದ್ದುದೂ ಇದನ್ನೇ. ಅದರ ಅಂಚಿಗೆ ಮೆತ್ತಿದ ಮಸಿ ಇಂದಿಗೂ ಕೈಗೆ ಹತ್ತುತ್ತದೆ.

ತೊಡಕಿರುವುದು ಮುಚ್ಚುವುದರಲ್ಲಿ. ಕಿಟಕಿಯ ಬದಲು ಗಾಳಿಯಾಡಲು ತೂತುಗಳಿರುವ ಜಾಲಿ ಇಟ್ಟುಬಿಡಿ ಎಂದು ಮೇಸ್ತ್ರಿ ಹೇಳುತ್ತಾರೆ, ಆದರೆ ಮುಂಗಾರು ಪೂರ್ವದ ಗುಡುಗು ಮಳೆಯ ಎರಚಲನ್ನೂ ಧೂಳನ್ನೂ ಜಾಲಿ ತಡೆಯದು. ಹಳೆಯ ಶಾಲೆಗಳಲ್ಲಿರುವಂತೆ ನಡುವೆ ತಿರುಗುವ, ಹಗ್ಗ ಎಳೆದು ತೆರೆಯುವ ವೆಂಟಿಲೇಟರ್ ನನಗೆ ಇಷ್ಟ. ಆದರೆ ಅದರ ಅರ್ಧ ಭಾಗ ಒಳಕ್ಕೂ ಅರ್ಧ ಹೊರಕ್ಕೂ ತಿರುಗುವುದರಿಂದ ಸೊಳ್ಳೆ ಜಾಲರಿ ಕೂರಿಸಲು ಜಾಗವೇ ಸಿಗುವುದಿಲ್ಲ. ಮೇಲೆ ಕೀಲು ಹಾಕಿ ಹೊರಕ್ಕೆ ತೆರೆಯುವ ಕಿಟಕಿಯಾದರೆ ತೆರೆದಿದ್ದಾಗಲೂ ಮಳೆ ಜಾರಿಹೋಗುತ್ತದೆ, ಜಾಲರಿಯೂ ಒಳಗೆ ಕೂರುತ್ತದೆ. ಆಗ ತಳ್ಳುವ ಸರಳು ಜಾಲರಿಯನ್ನು ದಾಟುವುದೆಲ್ಲಿಂದ?

ಕೆಳಗೆ ನಿಂತು ಹಿಡಿ ತಿರುಗಿಸುವ ವ್ಯವಸ್ಥೆಯನ್ನಾಗಲಿ ಮೋಟಾರನ್ನಾಗಲಿ ಮನೆಯಲ್ಲಿ ಕೆಲವು ವರ್ಷ ಬಳಸಿದವರು, ಅದು ತುಕ್ಕು ಹಿಡಿಯಿತೇ, ಗಾಜು ಒರೆಸುವುದು ಹೇಗೆ, ಸಜ್ಜೆ ಎಷ್ಟು ಚಾಚಿದ್ದೀರಿ ಎಂಬುದನ್ನು ದಯವಿಟ್ಟು ತಿಳಿಸಬೇಕು. ಚೌಕಟ್ಟಿನ ಅಳತೆಯನ್ನು ಮುಂದಿನ ವಾರ ಕೊಡಬೇಕಾಗಿದೆ.