ದೊಡ್ಡ ಕ್ಯಾಮ್ ಹಾಕಿಸಿದ್ದಾಯ್ತು, ಈಗ ಎಷ್ಟು ಸ್ಟಾಲ್‌ನ ಕನ್ವರ್ಟರ್ ಬೇಕು?

ಕೇಳಿದವರು:
6.0 ಲೀಟರ್ ವಿ8, ಟರ್ಬೊ ಇಲ್ಲ. ಕ್ಯಾಮ್ (ವಾಲ್ವ್‌ಗಳನ್ನು ತೆರೆಯುವ ಶಾಫ್ಟ್) ಬದಲಿಸಿದ್ದೇನೆ. ಗೇರ್‌ಬಾಕ್ಸ್ ನಾಲ್ಕು ಗೇರಿನ ಆಟೊಮ್ಯಾಟಿಕ್ 4ಎಲ್60ಇ, ಆಕ್ಸಲ್ ರೇಶಿಯೋ 3.73 (ಚಕ್ರದ ಒಂದು ಸುತ್ತಿಗೆ ಗೇರ್‌ಬಾಕ್ಸ್‌ನಿಂದ ಬರುವ ಶಾಫ್ಟ್ 3.73 ಸುತ್ತು). ದಿನಾ ಓಡಿಸುವ ಗಾಡಿ, ಆಗಾಗ ಡ್ರ್ಯಾಗ್ ಸ್ಟ್ರಿಪ್‌ಗೂ (ನೇರ ಓಟದ ರೇಸ್ ಟ್ರ್ಯಾಕ್) ಹೋಗುತ್ತದೆ. ಎಂಜಿನ್ನಿನ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಮಾತ್ರ ಇನ್ನೂ ಕಂಪನಿಯದ್ದೇ. ಸಿಗ್ನಲ್‌ನಲ್ಲಿ ಡ್ರೈವ್‌ನಲ್ಲಿಟ್ಟು ಬ್ರೇಕ್ ಒತ್ತಿ ನಿಂತರೆ ಎಂಜಿನ್ ನಡುಗಿ ಆಫ್ ಆಗುವ ಹಾಗೆ ಆಗುತ್ತದೆ. ಕಡಿಮೆ ಆರ್‌ಪಿಎಂನಲ್ಲಿ (ನಿಮಿಷಕ್ಕೆ ಎಂಜಿನ್ ಸುತ್ತುವ ಎಣಿಕೆ) ಎಳೆತವೂ ಇಲ್ಲ. ಒಬ್ಬರು 2,800 ಸ್ಟಾಲ್ (ಗಾಡಿ ಕದಲದಂತೆ ಹಿಡಿದು ಫುಲ್ ಥ್ರಾಟಲ್ ಕೊಟ್ಟರೆ ಎಂಜಿನ್ ಏರಿ ನಿಲ್ಲುವ ಆರ್‌ಪಿಎಂ) ಅಂತಾರೆ, ಇನ್ನೊಬ್ಬರು 4,000 ಅಂತಾರೆ. ಹಾಕಿಸಿದವರು ಅನುಭವ ಹೇಳಿ.

ಗೇರ್‌ಬಾಕ್ಸ್ ಕೆಲಸ ಮಾಡುವವರು:
ಮೊದಲು ಒಂದು ವಿಷಯ ತಿಳಿದುಕೊಳ್ಳಿ. ಡಬ್ಬದ ಮೇಲೆ ಬರೆದ ಸ್ಟಾಲ್ ಎಲ್ಲ ಗಾಡಿಗೂ ಒಂದೇ ಆಗಿರುವುದಿಲ್ಲ. ಎಂಜಿನ್ನಿನ ಟಾರ್ಕ್ ಜಾಸ್ತಿಯಾದರೆ ಅದೇ ಕನ್ವರ್ಟರಿನ ಸ್ಟಾಲ್ ಕೂಡ ಮೇಲೆ ಹೋಗುತ್ತದೆ. ಇದು ವರ್ಗಮೂಲದ ಲೆಕ್ಕ. 400 ನ್ಯೂಟನ್ ಮೀಟರ್ ಟಾರ್ಕ್‌ಗೆ 2,800ರಲ್ಲಿ ನಿಲ್ಲುವ ಕನ್ವರ್ಟರ್, 500 ಬಂದಾಗ 3,100 ದಾಟುತ್ತದೆ. ಹಾಗಾಗಿ ಬೇರೆಯವರ ಗಾಡಿಯ ಸಂಖ್ಯೆ ನೋಡಿ ಸುಮ್ನೆ ಆರ್ಡರ್ ಮಾಡಬೇಡಿ.

ನಿಮ್ಮ ಗಾಡಿಯ ಲೆಕ್ಕವನ್ನೇ ನೋಡೋಣ. 4ಎಲ್60ಇಯಲ್ಲಿ ಮೊದಲ ಗೇರ್ 3.06, ಎರಡನೆಯದು 1.63. ನಡುವೆ ದೊಡ್ಡ ಅಂತರ. 6,500ಕ್ಕೆ ಗೇರ್ ಬದಲಾದರೆ ಲೆಕ್ಕದ ಪ್ರಕಾರ ಎಂಜಿನ್ ಸುಮಾರು 3,460ಕ್ಕೆ ಇಳಿಯುತ್ತದೆ. ಕ್ಯಾಮ್ ಹಾಕಿದ ಎಂಜಿನ್ ಅಲ್ಲಿ ಇನ್ನೂ ಸರಿಯಾಗಿ ಎದ್ದಿರುವುದಿಲ್ಲ. ಕಂಪನಿಯ ಬಿಗಿ (ಕಡಿಮೆ ಸ್ಟಾಲ್‌ನ) ಕನ್ವರ್ಟರ್ ಅದನ್ನು ಅಲ್ಲೇ ಹಿಡಿದು ಕೂರಿಸುತ್ತದೆ. ಸರಿಯಾದ ಕನ್ವರ್ಟರ್ ಸ್ವಲ್ಪ ಜಾರಿ ಎಂಜಿನ್ನನ್ನು ಟಾರ್ಕ್ ಇರುವ ಕಡೆ ಇಡುತ್ತದೆ. ಎಲ್ಲರೂ ಬರೀ ನಿಂತಲ್ಲಿಂದ ಗಾಡಿ ಹೊರಡುವುದರ ಬಗ್ಗೆ ಮಾತಾಡುತ್ತಾರೆ, ನನ್ನ ಪ್ರಕಾರ ಗೇರ್ ಬಿದ್ದ ಮೇಲೆ ಎಂಜಿನ್ ಎಲ್ಲಿ ಬಂದು ಕೂರುತ್ತದೆ ಅನ್ನೋದೇ ಮುಖ್ಯ.

ನಾನಾದರೆ 3,200 ಆಸುಪಾಸು ಹೇಳುತ್ತೇನೆ. ಲಾಕಪ್ (ಓಡುವಾಗ ಜಾರದಂತೆ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರ ಜೋಡಿಸುವ ಕ್ಲಚ್) ಇರುವುದೇ ತೆಗೆದುಕೊಳ್ಳಿ.

ದಿನಾ ಓಡಿಸುವವರು:
ನನ್ನದೂ ಇಂಥದ್ದೇ ಗಾಡಿ, 3,000ದ್ದು ಹಾಕಿಸಿದ್ದೇನೆ. 3,200 ಸ್ಟಾಲ್ ಅಂದರೆ 3,200 ಬರುವ ತನಕ ಗಾಡಿ ಕದಲೋದೇ ಇಲ್ಲ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಸ್ಟಾಲ್ ಅಳೆಯೋದು ಫುಲ್ ಥ್ರಾಟಲ್‌ನಲ್ಲಿ. ಹಗುರಾಗಿ ಒತ್ತಿದರೆ ಟಾರ್ಕ್ ಕಡಿಮೆ, ಗಾಡಿ ಅದಕ್ಕಿಂತ ಎಷ್ಟೋ ಕೆಳಗೇ ಹೊರಡುತ್ತದೆ. ಬದಲಾಗೋದು ಪೆಡಲಿನ ಹಿಡಿತ: ಒತ್ತಿದ ತಕ್ಷಣ ಆರ್‌ಪಿಎಂ ಮೊದಲು ಏರುತ್ತದೆ, ಗಾಡಿ ಆಮೇಲೆ ಬರುತ್ತದೆ. ಟ್ರಾಫಿಕ್‌ನಲ್ಲಿ ಅಭ್ಯಾಸ ಆಗೋವರೆಗೆ ಸ್ವಲ್ಪ ಕಿರಿಕಿರಿ. ಸಿಗ್ನಲ್‌ನಲ್ಲಿ ನಡುಗೋದು ಮಾತ್ರ ಪೂರ್ತಿ ನಿಂತಿತು. ಐಡ್ಲಿಂಗ್‌ನಲ್ಲಿ ಎಂಜಿನ್ ಮೇಲಿನ ಭಾರವೇ ಇಳಿದುಬಿಡುತ್ತದೆ ಅಲ್ವಾ.

ಲಾಕಪ್ ಬೇಕು ಅನ್ನೋದಕ್ಕೆ ನನ್ನ ಓಟೂ ಇದೆ. ಟೈರಿನ ಸುತ್ತಳತೆ 2 ಮೀಟರ್ ಇದ್ದರೆ, 3.73 ಆಕ್ಸಲ್, 0.70 ಓವರ್‌ಡ್ರೈವ್‌ನಲ್ಲಿ (ನಾಲ್ಕನೇ ಗೇರ್) 100 ಕಿ.ಮೀ. ವೇಗಕ್ಕೆ ಎಂಜಿನ್ 2,200 ಹತ್ತಿರ ಸುತ್ತುತ್ತದೆ. ಅದು ಸ್ಟಾಲ್‌ಗಿಂತ ಕೆಳಗೆ. ಲಾಕಪ್ ಇಲ್ಲದಿದ್ದರೆ ಹೈವೇ ಪೂರ್ತಿ ಜಾರುತ್ತಲೇ ಇರುತ್ತದೆ, ಜಾರಿದ್ದೆಲ್ಲ ಆಯಿಲ್‌ನಲ್ಲಿ ಬಿಸಿಯಾಗುತ್ತದೆ.

ಟರ್ಬೊ ಗಾಡಿಯವರು:
ಮುಂದೆ ಟರ್ಬೊ ಹಾಕೋ ಆಲೋಚನೆ ಇದ್ದರೆ ಈಗಲೇ ಹೇಳಿಬಿಡಿ. ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಬಂದಾಗ ಟಾರ್ಕ್ ಏರುತ್ತದೆ, ಈಗ ಸರಿ ಇರೋ ಕನ್ವರ್ಟರ್ ಆಗ ಸಡಿಲವಾಗುತ್ತದೆ. ಒಳಗಿನ ಒತ್ತಡಕ್ಕೆ ಹೊರಕವಚವೂ ಉಬ್ಬಬಹುದು. ಅದಕ್ಕೇ ದಪ್ಪ ಕವರ್, ಬ್ರೇಜ್ ಮಾಡಿದ ರೆಕ್ಕೆಗಳು ಇರುವ ಕನ್ವರ್ಟರ್ ಕೇಳಬೇಕು. ಪವರ್ ಏರಿಸಲು ಎಂಜಿನ್ನಿಗೆ ಊದುವ ನೈಟ್ರಸ್ ಗ್ಯಾಸ್‌ಗೂ ಇದೇ ಮಾತು.

ಗೇರ್‌ಬಾಕ್ಸ್ ಕೆಲಸ ಮಾಡುವವರು:
ಹೌದು. ಇನ್ನೊಂದು: ಲಾಕಪ್ ಕ್ಲಚ್ ಒಂದೇ ಡಿಸ್ಕಿನದ್ದಾಗಿದ್ದರೆ ಫುಲ್ ಥ್ರಾಟಲ್‌ನಲ್ಲಿ ಲಾಕ್ ಆಗದಂತೆ ಟ್ಯೂನ್ ಮಾಡಿಸಿ, ಇಲ್ಲದಿದ್ದರೆ ಆ ಕ್ಲಚ್ ಬೇಗ ಸುಡುತ್ತದೆ.

ಕನ್ವರ್ಟರ್‌ಗೆ ದುಡ್ಡು ಹಾಕಿ ಕೂಲರ್‌ಗೆ ಜಿಪುಣತನ ಮಾಡಬೇಡಿ, ದಯವಿಟ್ಟು. ಆಯಿಲ್ 80–95 ಡಿಗ್ರಿಯೊಳಗೆ ಇದ್ದರೆ ಬಾಕ್ಸ್ ನೆಮ್ಮದಿಯಾಗಿರುತ್ತದೆ. 120 ದಾಟುತ್ತಾ ಹೋದರೆ ಸೀಲು, ಕ್ಲಚ್ಚು ಎಲ್ಲ ಹಾಳು. ಪ್ರತ್ಯೇಕ ಕೂಲರ್, ಒಂದು ಟೆಂಪರೇಚರ್ ಗೇಜ್, ಎರಡೂ ಹಾಕಿಸಿ.

ಕೂರಿಸುವಾಗ ಪಕ್ಕದಲ್ಲಿ ನಿಂತು ನೋಡಿ. ಮೊದಲು ಒಳಗೆ ಆಯಿಲ್ ಸುರಿಯಬೇಕು. ಆಮೇಲೆ ಕನ್ವರ್ಟರನ್ನು ತಿರುಗಿಸುತ್ತಾ ಒತ್ತಿದರೆ ಅದು ಹಂತ ಹಂತವಾಗಿ ಟಕ್ ಅಂತ ಒಳಗೆ ಇಳಿಯುತ್ತದೆ: ಇನ್‌ಪುಟ್ ಶಾಫ್ಟ್, ಸ್ಟೇಟರ್ (ಕನ್ವರ್ಟರ್ ಒಳಗೆ ಆಯಿಲ್‌ನ ದಿಕ್ಕು ತಿರುಗಿಸುವ ರೆಕ್ಕೆಚಕ್ರ) ಶಾಫ್ಟ್, ಕೊನೆಗೆ ಪಂಪ್. ಪಂಪ್‌ಗೆ ಕೂರದೇ ಇದ್ದಾಗ ಬೋಲ್ಟ್ ಬಿಗಿದು ಎಳೆದುಕೊಂಡರೆ ಎಂಜಿನ್ ಸ್ಟಾರ್ಟ್ ಆಗುವ ಮೊದಲೇ ಪಂಪ್ ಮುರಿಯುತ್ತದೆ. ಬಾಕ್ಸ್ ಎಂಜಿನ್ನಿಗೆ ಪೂರ್ತಿ ಸೇರಿದ ಮೇಲೂ ಕನ್ವರ್ಟರ್ ಕೈಯಲ್ಲಿ ಸಲೀಸಾಗಿ ತಿರುಗಬೇಕು, ಫ್ಲೆಕ್ಸ್‌ಪ್ಲೇಟ್‌ಗೂ (ಎಂಜಿನ್ನಿನ ಹಿಂದೆ ಕನ್ವರ್ಟರ್ ಬೋಲ್ಟ್ ಆಗುವ ತಟ್ಟೆ) ಅದಕ್ಕೂ 3ರಿಂದ 5 ಮಿ.ಮೀ. ಸಂದಿ ಇರಬೇಕು.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಹಾಕಿಸಿದ ಮೇಲೆ ಸಡಿಲ ಆಯ್ತೋ ಬಿಗಿ ಆಯ್ತೋ ಅಂತ ಹೇಗೆ ಗೊತ್ತಾಗುತ್ತದೆ?

ಸ್ಟ್ರಿಪ್‌ಗೆ ಹೋಗುವವರು:
ಬ್ರೇಕ್ ಒತ್ತಿಟ್ಟು ಆಕ್ಸಿಲರೇಟರ್ ಕೊಟ್ಟು ನೋಡೋದನ್ನು ನಂಬಬೇಡಿ. ಸ್ಟಾಲ್ ಬರುವ ಮೊದಲೇ ಹಿಂದಿನ ಚಕ್ರ ಬ್ರೇಕನ್ನು ಗೆದ್ದು ತಿರುಗುತ್ತದೆ. ಐದು ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ಆಯಿಲ್ ಕುದಿಯುತ್ತದೆ ಬೇರೆ.

ನಾನು ಸ್ಟ್ರಿಪ್‌ನ ಕೊನೆಯ ವೇಗ ಹಿಡಿದು ಲೆಕ್ಕ ಹಾಕುತ್ತೇನೆ. 160 ಕಿ.ಮೀ. ಅಂದುಕೊಳ್ಳಿ. 2 ಮೀಟರ್ ಟೈರ್, 3.73 ಆಕ್ಸಲ್, ಮೂರನೇ ಗೇರ್ 1.00. ಜಾರದೇ ಇದ್ದರೆ ಎಂಜಿನ್ ಸುಮಾರು 4,970 ಇರಬೇಕು. ಲಾಗ್‌ನಲ್ಲಿ (ಓಟದಲ್ಲಿ ದಾಖಲಾದ ಎಂಜಿನ್ ಅಂಕಿಗಳು) 5,300 ಇದ್ದರೆ ಆರು ಪರ್ಸೆಂಟ್ ಜಾರುತ್ತಿದೆ, ಅದು ಒಳ್ಳೆಯದೇ. ಹತ್ತರ ಮೇಲೆ ಹೋದರೆ ಸಡಿಲ, ಪವರ್ ಕೊನೆಯಲ್ಲಿ ಸುಮ್ನೆ ಪೋಲಾಗುತ್ತಿದೆ. ಆ ಲಾಗನ್ನು ಕನ್ವರ್ಟರ್ ಕಟ್ಟಿದವರಿಗೆ ಕಳಿಸಿ. ಒಳ್ಳೆ ಕೆಲಸಗಾರರು ಅದನ್ನು ಬಿಚ್ಚಿ ಸ್ಟೇಟರ್ ಬದಲಿಸಿ ಸರಿಮಾಡಿ ಕೊಡುತ್ತಾರೆ. ಆರ್ಡರ್ ಮಾಡೋ ಮೊದಲೇ ಅದಕ್ಕೆ ಒಪ್ಪುತ್ತಾರಾ ಅಂತ ಕೇಳಿಕೊಳ್ಳಿ. ಗಾಡಿಯ ತೂಕ, ಟೈರ್ ಅಳತೆ, ಕ್ಯಾಮ್ ಕಾರ್ಡ್ (ಕ್ಯಾಮ್‌ನ ಅಳತೆ ಪಟ್ಟಿ), ಡೈನೊ ಶೀಟ್ (ಪವರ್, ಟಾರ್ಕ್ ಅಳೆದ ವರದಿ) ಎಲ್ಲ ಕೊಡಿ.